ವಿಮೋಚನಾ ದಿನದ ಭಾಷಣ: ಒಂದು ರಸವಿಮರ್ಶೆ

ಕಾವ್ಯ ನಾಟಕಾದಿಗಳನ್ನು ವಿಮರ್ಶಿಸುವ ವಿದ್ವಾಂಸರು ಧ್ವಜವಂದನೆಯ ದಿನದ ಭಾಷಣಗಳ ಕಡೆಗೆ ಕಣ್ಣೆತ್ತಿ ನೋಡುವದು ವಿರಳ. ಅದು ಸಾಹಿತ್ಯವಲ್ಲವೆಂದು ಅವರ ಎಣಿಕೆ. ಆದರೆ ವರುಷಕ್ಕೊಂದು ಕಾವ್ಯವನ್ನು ಓದದ ಮನೆಯವರು ಸಹ ವರುಷಕ್ಕೆ ಮೂರು ಸಾರಿ ಭಾಷಣವನ್ನು ಕೇಳಿಯೇ ಕೇಳುವರು. ಜನವರಿ 26, ಅಗಸ್ಟ್ 15, ಸಪ್ಟಂಬರ 17 ಈ ಮೂರು ದಿನಗಳಲ್ಲಿ ಬೀದರದ ನೆಹರು ಕ್ರೀಡಾಂಗಣದಲ್ಲಿಯೂ ಭಾಲ್ಕಿ ಔರಾದಗಳ ತಾಲೂಕು ಸಮಾರಂಭಗಳಲ್ಲಿಯೂ ಹಳ್ಳಿಗಳ ಶಾಲೆಯ ಅಂಗಳಗಳಲ್ಲಿಯೂ ದೇಶವನ್ನು ಕುರಿತ ವಾಕ್ಪ್ರವಾಹವು ಹರಿಯುವದು. ಹುಡುಗನು ಬಾಯಿಪಾಠ ಮಾಡಿ ಒಪ್ಪಿಸುವ ನಾಲ್ಕು ಮಾತುಗಳನ್ನು ಬಹುಮಟ್ಟಿಗೆ ಅವನ ಮಾಸ್ತರರೇ ಬರೆದುಕೊಟ್ಟಿರುತ್ತಾರೆ. ದೇಶಭಕ್ತಿಯೆಂದರೇನೆಂಬ ಕಲ್ಪನೆಯು ನಮ್ಮ ಮಕ್ಕಳ ಮನಸ್ಸಿನಲ್ಲಿ ಮೊದಲು ಮೂಡುವದು ಈ ನಾಲ್ಕು ಮಾತುಗಳಿಂದಲೇ. ಆದುದರಿಂದ ಈ ಬಗೆಯ ವಾಙ್ಮಯವನ್ನು ಲಕ್ಷಣ ಗ್ರಂಥಗಳ ಒರೆಗಲ್ಲಿಗೆ ಹಚ್ಚಿ ನೋಡುವದು ಅವಶ್ಯವಾಗಿದೆ.

ಮೂರು ದಿನಗಳಲ್ಲಿ ಸಪ್ಟಂಬರ 17 ಈ ಸೀಮೆಗೆ ವಿಶೇಷವಾದದ್ದು. 1947ರ ಅಗಸ್ಟ್ 15ರಂದು ದಿಲ್ಲಿಯಲ್ಲಿ ಧ್ವಜವೇರಿದಾಗ ಬೀದರವು ನಿಜಾಮರ ಹೈದರಾಬಾದ ಸಂಸ್ಥಾನದಲ್ಲಿತ್ತು. 1948ರ ಸಪ್ಟಂಬರ 13ರಂದು ಮೊದಲಾದ ಪೋಲೀಸು ಕಾರ್ಯಾಚರಣೆಯು 17ರಂದು ನಿಜಾಮರ ಶರಣಾಗತಿಯಿಂದ ಮುಗಿದ ಮೇಲೆಯೇ ಇಲ್ಲಿ ಆ ಧ್ವಜವು ಅಂಜಿಕೆಯಿಲ್ಲದೆ ಹಾರಿತು. ಈ ದಿನಕ್ಕೆ ಹೆಸರುಗಳೂ ಹಲವು. ನೆರೆಯ ಮರಾಠವಾಡೆಯಲ್ಲಿ ಇದು ಮುಕ್ತಿಸಂಗ್ರಾಮ ದಿನ. ಕರ್ನಾಟಕದಲ್ಲಿ ಬಹುಕಾಲ ಹೈದರಾಬಾದ ಕರ್ನಾಟಕ ವಿಮೋಚನಾ ದಿನವಾಗಿದ್ದು, 2019ರಲ್ಲಿ ಈ ಭಾಗಕ್ಕೆ ಕಲ್ಯಾಣ ಕರ್ನಾಟಕವೆಂಬ ಹೆಸರು ಬಂದ ಬಳಿಕ ಕಲ್ಯಾಣ ಕರ್ನಾಟಕ ಉತ್ಸವವಾಯಿತು. ತೆಲಂಗಾಣ ಸರಕಾರವು 2022ರಲ್ಲಿ ಇದನ್ನು ರಾಷ್ಟ್ರೀಯ ಸಮೈಕ್ಯತಾ ದಿನವೆಂದೂ 2024ರಲ್ಲಿ ಪ್ರಜಾಪಾಲನಾ ದಿನವೆಂದೂ ಆಚರಿಸಿತು. ಕೇಂದ್ರ ಸರಕಾರವು 2024ರಲ್ಲಿ ಹೈದರಾಬಾದ ವಿಮೋಚನಾ ದಿನವೆಂದು ಪ್ರಕಟಿಸಿತು. ಒಂದೇ ದಿನಕ್ಕೆ ಇಷ್ಟು ನಾಮಕರಣಗಳಾಗಿರುವದು ಅದರ ಅರ್ಥದ ವಿಷಯದಲ್ಲಿ ಒಮ್ಮತವಿಲ್ಲವೆಂಬುದಕ್ಕೆ ಸಾಕ್ಷಿ.

ಶಬ್ದದಿಂದಲೇ ವಿಚಾರವನ್ನು ಆರಂಭಿಸುವದು ಯುಕ್ತ. ವಿಮೋಚನೆಯೆಂಬುದು ವಿ ಉಪಸರ್ಗಪೂರ್ವಕವಾದ ಮುಚ್ ಧಾತುವಿನಿಂದ ಹುಟ್ಟಿದ ಪದ. ಬಿಡುಗಡೆಯನ್ನು ಹೇಳುವ ಕ್ರಿಯೆಗೆ ಅಪಾದಾನ ಕಾರಕದ ಆಕಾಂಕ್ಷೆಯುಂಟು. ಬಿಡುಗಡೆಯಾಯಿತೆಂದೊಡನೆ ಯಾವುದರಿಂದ ಎಂಬ ಪ್ರಶ್ನೆಯು ತಾನಾಗಿ ಏಳುವದು. ಆ ಪಂಚಮ್ಯಂತ ಪದವನ್ನು ಹೇಳದಿದ್ದರೆ ವಾಕ್ಯವು ಪೂರ್ಣವಾಗದು. ಉತ್ಸವವೆಂಬ ಹೆಸರಿನಲ್ಲಿ ಈ ಆಕಾಂಕ್ಷೆಯೇ ಅಡಗಿಹೋಗುತ್ತದೆ. ಉತ್ಸವವು ಯಾವುದರಿಂದಲೂ ಆಗಬೇಕಾಗಿಲ್ಲ, ಸುಮ್ಮನೆ ಆದರೂ ಆದೀತು. ವಿಮೋಚನೆಯೆಂಬ ಹೆಸರನ್ನು ಉಳಿಸಿಕೊಂಡ ಭಾಷಣಗಳಲ್ಲಾದರೋ ಅಪಾದಾನದ ಸ್ಥಾನದಲ್ಲಿ ಮೂರು ಬಗೆಯ ಪದಗಳು ಬರುತ್ತವೆ. ಕೆಲವರು ನಿಜಾಮನೆಂಬ ಒಬ್ಬ ವ್ಯಕ್ತಿಯಿಂದ ಎನ್ನುವರು. ಕೆಲವರು ಬಾಯಿಬಿಟ್ಟಾಗಲಿ ಸೂಚನೆಯಿಂದಾಗಲಿ ಒಂದು ಮತದವರಿಂದ ಎನ್ನುವರು. ಒಂದು ಆಡಳಿತದ ರೀತಿಯಿಂದ, ಅಂದರೆ ಪ್ರಜೆಯ ಬಾಯಿಗೂ ಕಾಲಿಗೂ ಲೇಖನಿಗೂ ಕಟ್ಟು ಹಾಕಿದ ನಿರಂಕುಶ ಅಧಿಕಾರದಿಂದ ಎನ್ನುವವರು ತೀರ ಕಡಿಮೆ. ಈ ಮೂರನೆಯದೇ ಇತಿಹಾಸಕ್ಕೆ ಸಮ್ಮತವಾದ ಅರ್ಥವು.

ಅದು ಹೇಗೆಂಬುದನ್ನು ನೋಡಬೇಕು. ಆ ಸಂಸ್ಥಾನದಲ್ಲಿ ಗಸ್ತಿ ನಿಶಾನ್ ತಿರಪನ್ ಎಂದು ಪ್ರಸಿದ್ಧವಾದ 53ನೆಯ ಸುತ್ತೋಲೆಯೊಂದಿತ್ತು. ಸರಕಾರದ ಪೂರ್ವಾನುಮತಿಯಿಲ್ಲದೆ ಸಭೆ ಕೂಡಿಸಬಾರದೆಂಬುದು ಅದರ ಸಾರ. ಇಂಥ ಕಟ್ಟುಗಳ ಪರಿಣಾಮವು ವಿಚಿತ್ರವಾಗಿತ್ತು. ಹೈದರಾಬಾದಿನ ರಾಜಕೀಯ ಪರಿಷತ್ತು ಹೈದರಾಬಾದಿನಲ್ಲಿ ಕೂಡಲಾರದೆ 1923ರಲ್ಲಿ ಕಾಕಿನಾಡದಲ್ಲಿಯೂ 1926ರಲ್ಲಿ ಮುಂಬಯಿಯಲ್ಲಿಯೂ 1928ರಲ್ಲಿ ಪುಣೆಯಲ್ಲಿಯೂ 1931ರಲ್ಲಿ ಅಕೋಲೆಯಲ್ಲಿಯೂ ಕೂಡಿತು. ತನ್ನ ಮನೆಯ ಮಾತನ್ನು ನೆರೆಯವರ ಜಗುಲಿಯ ಮೇಲೆ ಕುಳಿತು ಆಡಬೇಕಾದ ಗತಿ ಪ್ರಜೆಗೆ ಬಂದಿತು. 1938ರಲ್ಲಿ ಹೈದರಾಬಾದ ಸ್ಟೇಟ್ ಕಾಂಗ್ರೆಸ್ಸು ವಿಧ್ಯುಕ್ತವಾಗಿ ರೂಪುಗೊಳ್ಳುವದಕ್ಕೆ ಮೊದಲೇ ನಿಷಿದ್ಧವಾಯಿತು. ಆ ನಿಷೇಧವು 1946ರ ವರೆಗೆ ಉಳಿಯಿತು. ಅದೇ 1938ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯದ ವಸತಿಗೃಹಗಳಲ್ಲಿ ವಂದೇ ಮಾತರಂ ಹಾಡಿದ ವಿದ್ಯಾರ್ಥಿಗಳನ್ನು ಹೊರಗೆ ಹಾಕಲಾಯಿತು. ಅವರಲ್ಲಿ ಅನೇಕರು ನಾಗಪುರಕ್ಕೆ ಹೋಗಿ ಓದು ಮುಂದುವರಿಸಿದರು. ಆರ್ಯಸಮಾಜದ ಕಾರ್ಯಕರ್ತರಾಗಿದ್ದ ಉದಗೀರದ ವಕೀಲ ಶ್ಯಾಮಲಾಲರು ಆ ವರುಷವೇ ಬೀದರದ ಸೆರೆಮನೆಯಲ್ಲಿ ತೀರಿಕೊಂಡರು. ಉದಗೀರವು ಅಂದು ಬೀದರ ಜಿಲ್ಲೆಗೆ ಸೇರಿತ್ತು. 1947ರ ಅಗಸ್ಟ್ 15ರಂದು ಹೈದರಾಬಾದಿನ ಸುಲ್ತಾನ ಬಾಜಾರದಲ್ಲಿ ತ್ರಿವರ್ಣ ಧ್ವಜವನ್ನು ಏರಿಸಿದ ಸ್ವಾಮಿ ರಾಮಾನಂದ ತೀರ್ಥರಿಗೆ ದೊರೆತದ್ದು ಸೆರೆವಾಸ.

ಭಾಲ್ಕಿ ಔರಾದಗಳ ವಾಚಕರಿಗೆ ಇದಕ್ಕಿಂತ ಹತ್ತಿರದ ನಿದರ್ಶನವೂ ಉಂಟು. ಭಾಲ್ಕಿಯ ಹಿರೇಮಠದ ಚನ್ನಬಸವ ಪಟ್ಟದ್ದೇವರು ಕನ್ನಡವನ್ನು ಕಲಿಸುವದೇ ಕಠಿನವಾಗಿದ್ದ ಕಾಲದಲ್ಲಿ ಶಾಲೆಯ ಹೊರಗೆ ಉರ್ದು ಫಲಕವನ್ನು ತೂಗಹಾಕಿ ಒಳಗೆ ಕನ್ನಡ ಪಾಠವನ್ನು ಹೇಳಿಸಿದರೆಂಬುದು ಈ ನಾಡಿನ ಮನೆಮನೆಯ ಮಾತು. ಅಂದು ಔರಾದ ಸೀಮೆಗೆ ಸೇರಿದ್ದ, ಇಂದು ತಾನೇ ತಾಲೂಕಿನ ಸ್ಥಳವಾಗಿರುವ ಕಮಲನಗರದಲ್ಲಿ ಅವರು ಬೆಳೆಸಿದ ವಿದ್ಯಾಲಯವು ಎಷ್ಟೋ ಬಡಮಕ್ಕಳಿಗೆ ಅನ್ನವನ್ನೂ ಅಕ್ಷರವನ್ನೂ ಕೊಟ್ಟಿತು. 1999ರಲ್ಲಿ ಲಿಂಗೈಕ್ಯರಾದ ಈ ಮಹಾತ್ಮರು ಕತ್ತಿಯನ್ನು ಹಿಡಿದವರಲ್ಲ. ಉರ್ದು ಭಾಷೆಯನ್ನು ಹಳಿದುದರಿಂದಲೂ ಅವರಿಗೆ ಕೀರ್ತಿ ಬಂದದ್ದಲ್ಲ. ತಾಯ್ನುಡಿಯಲ್ಲಿ ಓದುವ ಮಗುವಿನ ಹಕ್ಕನ್ನು ಅವರು ಯಾರ ಅಪ್ಪಣೆಗೂ ಕಾಯದೆ ನಡೆಸಿ ತೋರಿಸಿದರು.

ಈ ಸಂಗತಿಗಳನ್ನು ಒಂದರ ಪಕ್ಕದಲ್ಲೊಂದು ಇಟ್ಟರೆ ಅಪಾದಾನವು ಸ್ಪಷ್ಟವಾಗುವದು. ಸಭೆ ಕೂಡುವ, ಸಂಘ ಕಟ್ಟುವ, ಹಾಡುವ, ಓದಿಸುವ, ಪೂಜಿಸುವ, ಧ್ವಜ ಹಿಡಿಯುವ ಸ್ವಾತಂತ್ರ್ಯಗಳಿಗೆ ಬಿದ್ದ ಕಟ್ಟುಗಳಿಂದ ಬಿಡುಗಡೆ. ಅದು ಕೇವಲ ಸೀಮೆಯ ಗೆರೆಯನ್ನು ಅಳಿಸಿದ ಕಾರ್ಯವಾಗಿರಲಿಲ್ಲ. 1948ರ ಸಪ್ಟಂಬರದಲ್ಲಿ ಮೊದಲಾದ ಆ ಬಿಡುಗಡೆಯು 1950ರ ಜನವರಿ 26ರಂದು ಸಂವಿಧಾನವು ಇಲ್ಲಿಯೂ ಜಾರಿಗೆ ಬಂದು ಅದರ 19ನೆಯ ಅನುಚ್ಛೇದವು ಮಾತು, ಸಭೆ, ಸಂಘಗಳ ಹಕ್ಕನ್ನು ಬೀದರದ ಪ್ರಜೆಗೂ ಕೊಟ್ಟಾಗ ಸಾರ್ಥಕವಾಯಿತು. ಸಪ್ಟಂಬರ 17ನ್ನು ಜನವರಿ 26ರಿಂದ ಬಿಡಿಸಿ ಹೊಗಳುವ ಭಾಷಣವು ಪೂರ್ವಾರ್ಧವನ್ನೋದಿ ಉತ್ತರಾರ್ಧವನ್ನು ಮರೆತ ಶ್ಲೋಕದಂತೆ.

ಇನ್ನು ರಸದ ವಿಚಾರ. ಈ ಭಾಷಣಗಳ ಅಂಗಿರಸವು ವೀರವೆಂದು ಎಲ್ಲರೂ ಹೇಳುವರು. ವೀರದ ಸ್ಥಾಯಿಭಾವ ಉತ್ಸಾಹ. ರೌದ್ರದ ಸ್ಥಾಯಿಭಾವ ಕ್ರೋಧ. ಹೊರನೋಟಕ್ಕೆ ಎರಡೂ ಸಮೀಪದವು. ಆದುದರಿಂದಲೇ ಸಾಹಿತ್ಯದರ್ಪಣಕಾರನಾದ ವಿಶ್ವನಾಥನು ಇವುಗಳ ಭೇದವನ್ನು ಪ್ರತ್ಯೇಕವಾಗಿ ಹೇಳಬೇಕಾಯಿತು: ಮುಖವೂ ಕಣ್ಣೂ ಕೆಂಪಾಗುವದು ರೌದ್ರದ ಗುರುತು, ಯುದ್ಧವೀರನಲ್ಲಿ ಅದು ಕಾಣದು. ಅವನೇ ವೀರವನ್ನು ದಾನವೀರ, ಧರ್ಮವೀರ, ಯುದ್ಧವೀರ, ದಯಾವೀರ ಎಂದು ನಾಲ್ಕಾಗಿ ವಿಂಗಡಿಸಿದ್ದಾನೆ. ಧ್ವಜದ ಕೆಳಗಿನ ಭಾಷಣಗಳಲ್ಲಿ ಬಹುಪಾಲು ಯುದ್ಧವೀರವೊಂದೇ ಬರುತ್ತದೆ. ಅದೂ ಎರಡನೆಯ ಪುಟಕ್ಕೆ ಬರುವಷ್ಟರಲ್ಲಿ ಕಣ್ಣು ಕೆಂಪಾಗಿ ರೌದ್ರಕ್ಕೆ ತಿರುಗುತ್ತದೆ. ಅಪ್ಪಣೆಯಿಲ್ಲದೆ ಸಭೆ ಕೂಡಿ ಸೆರೆಗೆ ನಡೆದವನು ಧರ್ಮವೀರ. ಹಸಿದ ಮಗುವಿಗೆ ಅನ್ನವಿಕ್ಕಿ ಅಕ್ಷರ ಕಲಿಸಿದವನು ದಯಾವೀರ. ಪ್ರಜೆಯ ಸ್ವಾತಂತ್ರ್ಯಗಳನ್ನು ಗಳಿಸಿಕೊಟ್ಟವರು ಹೆಚ್ಚಾಗಿ ಈ ಎರಡು ಬಗೆಯವರೇ ಆಗಿರಲು, ಅವರನ್ನು ಬಿಟ್ಟು ಬರಿಯ ಆಯುಧಗಳ ಸದ್ದನ್ನು ವರ್ಣಿಸುವದರಿಂದ ರಸವು ಆಭಾಸವಾಗುವದು.

ಈ ದೋಷವು ಎಲ್ಲಕ್ಕಿಂತ ಹೆಚ್ಚಾಗಿ ತೋರುವದು ಗೋರಟಾ ಗ್ರಾಮದ ಪ್ರಸಂಗದಲ್ಲಿ. 1948ರ ಮೇ ತಿಂಗಳಲ್ಲಿ ಬೀದರ ಜಿಲ್ಲೆಯ ಈ ಹಳ್ಳಿಯ ಮೇಲೆ ರಝಾಕಾರರು ಬಿದ್ದು ಅನೇಕರನ್ನು ಕೊಂದರು. ಆ ಸಂಕಟವು ಸತ್ಯ; ಅಲ್ಲಿ ಸ್ಮಾರಕವಾಗಿರುವದು ಯುಕ್ತ. 2023ರ ಮಾರ್ಚಿಯಲ್ಲಿ ಅದರ ಉದ್ಘಾಟನೆಯಾಗಿ 103 ಅಡಿ ಎತ್ತರದ ಧ್ವಜವು ಅಲ್ಲಿ ಏರಿತು. ಇಂಥ ಕಥೆಯು ಕೇಳುವವನ ಎದೆಯಲ್ಲಿ ಮೊದಲು ಎಬ್ಬಿಸಬೇಕಾದದ್ದು ಶೋಕ, ರಸವು ಕರುಣ. ನೆಲದ ಮೇಲೆ ಬಿದ್ದವರನ್ನು ನೆನೆದು ಮೌನವಾಗಿ ನಿಲ್ಲುವ ಒಂದು ಗಳಿಗೆ ಬೇಕು. ಭಾಷಣಕಾರನು ಆ ಗಳಿಗೆಯನ್ನು ಕೊಡದೆ ಒಂದೇ ಉಸಿರಿನಲ್ಲಿ ಶೋಕದಿಂದ ಕ್ರೋಧಕ್ಕೂ, ಸತ್ತ ಅಪರಾಧಿಗಳಿಂದ ಬದುಕಿರುವ ನೆರೆಯವರಿಗೂ ಹಾರಿದರೆ, ಸತ್ತವರು ಅವನ ಮಾತಿಗೆ ಬರಿಯ ಉದ್ದೀಪನ ಸಾಮಗ್ರಿಯಾಗುವರು. ಇದು ಅವರಿಗೆ ಸಲ್ಲಿಸಿದ ಗೌರವವಲ್ಲ.

ಕರುಣವು ಪೂರ್ಣವಾಗಬೇಕಾದರೆ ಎರಡನೆಯ ಅಧ್ಯಾಯವನ್ನೂ ಓದಬೇಕು. ಪೋಲೀಸು ಕಾರ್ಯಾಚರಣೆಯ ಕಾಲದಲ್ಲಿಯೂ ಅದರ ಬೆನ್ನಿಗೂ ಮುಸಲ್ಮಾನ ಪ್ರಜೆಗಳ ಕೊಲೆ, ಲೂಟಿಗಳಾದುವೆಂಬ ವಾರ್ತೆಯನ್ನು ಕೇಳಿ ಭಾರತ ಸರಕಾರವೇ ಪಂಡಿತ ಸುಂದರಲಾಲ, ಕಾಜಿ ಅಬ್ದುಲ್ ಗಫಾರ ಮೊದಲಾದವರನ್ನು 1948ರ ಕೊನೆಯಲ್ಲಿ ಕಳುಹಿಸಿತು. ಒಟ್ಟು ಸಂಸ್ಥಾನದಲ್ಲಿ ಕಡಿಮೆಯೆಂದರೂ 27,000ದಿಂದ 40,000 ಜನರು ಸತ್ತಿರಬೇಕೆಂದು ಅವರು ಅಂದಾಜು ಮಾಡಿದರು. ಅತಿಯಾಗಿ ನೊಂದವೆಂದು ಹೆಸರಿಸಿದ ನಾಲ್ಕು ಜಿಲ್ಲೆಗಳು ಉಸ್ಮಾನಾಬಾದ, ಗುಲಬರ್ಗಾ, ಬೀದರ, ನಾಂದೇಡ. ನೆರೆಯ ಮುಸಲ್ಮಾನರನ್ನು ಕಾಪಾಡಿದ ಹಿಂದೂಗಳನ್ನೂ ಆ ವರದಿಯು ನೆನೆದಿದೆ. ಅದು ಹಲವು ದಶಕಗಳ ಕಾಲ ಪ್ರಕಟವಾಗದೆ ಉಳಿಯಿತು. ಧ್ವಜದಿನದ ಭಾಷಣಗಳಲ್ಲಂತೂ ಇಂದಿಗೂ ಅದರ ಸುಳಿವು ಅಪರೂಪ. ಗೋರಟಾವನ್ನು ಹೇಳಿ ಇದನ್ನು ಮುಚ್ಚುವವನೂ, ಇದನ್ನು ಹೇಳಿ ಗೋರಟಾವನ್ನು ಮುಚ್ಚುವವನೂ ಒಂದೇ ದೋಷಕ್ಕೆ ಗುರಿಯಾಗುವರು. ಇಬ್ಬರೂ ಸತ್ತವರನ್ನು ಪಂಕ್ತಿಭೇದ ಮಾಡಿ ಬಡಿಸಿದವರು.

ರಝಾಕಾರರ ಕಥೆಯನ್ನು ಒಂದು ಮತದ ಕಥೆಯಾಗಿ ಮಾಡುವವರಿಗೆ ಶೋಯೆಬುಲ್ಲಾ ಖಾನರ ಹೆಸರೊಂದೇ ಉತ್ತರವಾಗಬಲ್ಲದು. ಹೈದರಾಬಾದಿನ ಇಮ್ರೋಜ್ ಎಂಬ ಉರ್ದು ಪತ್ರಿಕೆಯ ಸಂಪಾದಕರಾಗಿದ್ದ ಈ ತರುಣರು ಸಂಸ್ಥಾನವು ಭಾರತದಲ್ಲಿ ಸೇರಬೇಕೆಂದು ಬರೆದರು. 1948ರ ಅಗಸ್ಟಿನಲ್ಲಿ, ಬಿಡುಗಡೆಗೆ ಇನ್ನು ತಿಂಗಳೂ ಉಳಿದಿರದಾಗ, ಅವರನ್ನು ರಾತ್ರಿಯ ವೇಳೆ ದಾರಿಗಟ್ಟಿ ಕೊಂದು ಬರೆದ ಕೈಯನ್ನೇ ಕತ್ತರಿಸಿದರು. ಕೊಂದವರು ರಝಾಕಾರರು, ಸತ್ತವರು ಮುಸಲ್ಮಾನರು, ಅಪರಾಧವೆಂದರೆ ಲೇಖನ. ದೇಶಭಕ್ತಿಯೂ ಲೇಖನ ಸ್ವಾತಂತ್ರ್ಯವೂ ಒಂದೇ ದೇಹದಲ್ಲಿ ವಾಸಿಸಿದ್ದಕ್ಕೆ ಇದಕ್ಕಿಂತ ಉಜ್ವಲವಾದ ದೃಷ್ಟಾಂತವು ದೊರೆಯುವದು ಕಷ್ಟ. ಆದರೂ ಔರಾದದ ಎಷ್ಟು ಶಾಲೆಗಳ ಭಾಷಣದಲ್ಲಿ ಈ ಹೆಸರು ಬರುತ್ತದೆಂಬುದನ್ನು ಮಾಸ್ತರರೇ ಎಣಿಸಿಕೊಳ್ಳಬಹುದು.

ಭಾಷಣದ ಗುಣವನ್ನು ಪರೀಕ್ಷಿಸುವದಕ್ಕೆ ಭಾಷಣವೊಂದೇ ಸಾಲದು. ಅದು ಹೊಗಳಿದ ಸ್ವಾತಂತ್ರ್ಯವು ನಿತ್ಯದ ವ್ಯವಹಾರದಲ್ಲಿ ಎಷ್ಟು ಬಾಳಿತೆಂಬುದನ್ನು ನೋಡಬೇಕು. ಬೀದರ ನಗರದಲ್ಲಿಯೇ ಅಂಥ ಪರೀಕ್ಷೆಯೊಂದು ನಡೆಯಿತು. 2020ರ ಜನವರಿ 21ರಂದು ಶಾಹೀನ ಶಿಕ್ಷಣ ಸಂಸ್ಥೆಯ ಶಾಲೆಯಲ್ಲಿ ನಾಲ್ಕು, ಐದು, ಆರನೆಯ ಇಯತ್ತೆಗಳ ಮಕ್ಕಳು ಪೌರತ್ವದ ಕಾಯದೆಯನ್ನು ಕುರಿತು ಒಂದು ಸಣ್ಣ ನಾಟಕವನ್ನಾಡಿದರು. ಅದರಲ್ಲಿ ಪ್ರಧಾನಮಂತ್ರಿಗಳನ್ನು ಕುರಿತ ಹೀನವಾದ ಮಾತೊಂದಿತ್ತೆಂದು ದೂರು ಬಂದು, ಗಣರಾಜ್ಯೋತ್ಸವದ ದಿನವಾದ ಜನವರಿ 26ರಂದೇ ರಾಜದ್ರೋಹವೇ ಮೊದಲಾದ ಆರೋಪಗಳ ಮೇಲೆ ಮೊಕದ್ದಮೆಯು ದಾಖಲಾಯಿತು. ಗಾಂಧೀಜಿಯವರ ಪುಣ್ಯತಿಥಿಯಾದ ಜನವರಿ 30ರಂದು ಒಬ್ಬ ಮುಖ್ಯೋಪಾಧ್ಯಾಯಿನಿಯನ್ನೂ ಒಬ್ಬ ವಿದ್ಯಾರ್ಥಿನಿಯ ತಾಯಿಯನ್ನೂ ಬಂಧಿಸಿದರು. ಫೆಬ್ರುವರಿಯ ನಡುವೆ ಅವರಿಗೆ ಜಾಮೀನು ದೊರೆಯಿತು. ಆ ನಡುವೆ ಪೋಲೀಸರು ಹಲವು ಸಾರಿ ಶಾಲೆಗೆ ಬಂದು ಮಕ್ಕಳನ್ನು ವಿಚಾರಿಸಿದರು. ಸಮವಸ್ತ್ರ ಧರಿಸಿ ಆಯುಧ ಸಹಿತರಾಗಿ ಮಕ್ಕಳನ್ನು ಪ್ರಶ್ನಿಸಿದ್ದು ಕಾನೂನಿಗೆ ವಿರುದ್ಧವೆಂದು ಕರ್ನಾಟಕದ ಉಚ್ಚ ನ್ಯಾಯಾಲಯವು 2021ರ ಅಗಸ್ಟಿನಲ್ಲಿ ಹೇಳಿತು. 2023ರ ಜೂನಿನಲ್ಲಿ ಅದರ ಕಲಬುರಗಿ ಪೀಠವು ಮೊಕದ್ದಮೆಯನ್ನೇ ರದ್ದುಪಡಿಸಿತು. ಜನರನ್ನು ಹಿಂಸೆಗೆ ಪ್ರೇರಿಸುವ ಉದ್ದೇಶವು ಅಲ್ಲಿ ಇರಲಿಲ್ಲವೆಂಬುದು ಅದರ ನಿರ್ಣಯ.

ಈ ಪ್ರಸಂಗವನ್ನು ನಾಟ್ಯಶಾಸ್ತ್ರದ ಮೊದಲನೆಯ ಅಧ್ಯಾಯದೊಡನೆ ಓದಿದರೆ ಆಶ್ಚರ್ಯಕರವಾದ ಸಾದೃಶ್ಯವು ಕಾಣುವದು. ಲೋಕದ ಮೊದಲನೆಯ ನಾಟಕವು ಪ್ರಯೋಗವಾದದ್ದು ಇಂದ್ರನ ಧ್ವಜೋತ್ಸವದಲ್ಲಿ. ಅಂದರೆ ಒಂದು ಧ್ವಜದಿನದಲ್ಲಿಯೇ. ದೇವತೆಗಳು ಅಸುರರನ್ನು ಗೆದ್ದ ಕಥೆಯನ್ನು ಭರತನ ಮಕ್ಕಳು ಆಡಿದರು. ಸೋತವರು ಅದನ್ನು ಕಂಡು ಕೆರಳಿದರು. ವಿಘ್ನಗಳು ಅದೃಶ್ಯವಾಗಿ ರಂಗಕ್ಕೆ ನುಗ್ಗಿ ನಟರ ಮಾತನ್ನೂ ಚಲನೆಯನ್ನೂ ನೆನಪನ್ನೂ ಸ್ತಂಭಿಸಿಬಿಟ್ಟವು. ಆಗ ಇಂದ್ರನು ತನ್ನ ಧ್ವಜದಂಡವನ್ನೇ ಕಿತ್ತುಕೊಂಡು ಆ ವಿಘ್ನಗಳನ್ನು ಹೊಡೆದನು. ಜರ್ಜರವೆಂಬ ಹೆಸರು ಪಡೆದ ಆ ದಂಡವು ಅಂದಿನಿಂದ ರಂಗದ ರಕ್ಷಣೆಗೆ ನಿಂತಿತು. ಬ್ರಹ್ಮನು ನಾಟ್ಯಗೃಹವನ್ನು ಕಟ್ಟಿಸಿ ಮೂಲೆಮೂಲೆಗೂ ದೇವತೆಗಳನ್ನು ಕಾವಲಿಟ್ಟನು. ಆಮೇಲೆ ಅಸುರರನ್ನು ಕರೆದು ಸಾಮದಿಂದ ಮಾತನಾಡಿ, ನಾಟ್ಯವು ಒಂದು ಪಕ್ಷದ ಸೊತ್ತಲ್ಲ, ಮೂರು ಲೋಕಗಳ ಭಾವಗಳೆಲ್ಲಕ್ಕೂ ಅದರಲ್ಲಿ ಎಡೆಯುಂಟು ಎಂದು ತಿಳಿಹೇಳಿದನು.

ಈ ಆಖ್ಯಾನದಲ್ಲಿ ಎರಡು ಉಪದೇಶಗಳಿವೆ. ಧ್ವಜದ ಕಂಬವು ನಟನ ಬೆನ್ನಿಗೆ ನಿಂತು ಅವನನ್ನು ಕಾಯತಕ್ಕದ್ದು. ನಾಟಕದಿಂದ ಮನಸ್ಸು ನೊಂದವರಿಗೆ ಕೊಡತಕ್ಕದ್ದು ಮಾತಿನ ಸಮಾಧಾನ. ಬೀದರದಲ್ಲಿ ಧ್ವಜದಿನವು ನಟರಿಗೆ ಎದುರಾಗಿ ನಿಂತಿತು. ಎರಡನೆಯದು ಗೆದ್ದವರಿಗೆ ಹೇಳಿದ್ದು: ಸೋತವರನ್ನು ಹೀನರನ್ನಾಗಿ ತೋರಿಸುವದೇ ಉತ್ಸವವಾದರೆ ಅವರು ಕೆರಳುವದು ಸಹಜ; ಆದುದರಿಂದ ಧ್ವಜೋತ್ಸವದ ನಾಟಕವು ಅವರದೂ ಆಗಬೇಕು. ಸಪ್ಟಂಬರ 17ರ ಭಾಷಣಕಾರರು ಈ ಎರಡನೆಯ ಉಪದೇಶವನ್ನು ಮನಸ್ಸಿನಲ್ಲಿಡತಕ್ಕದ್ದು. ಕನ್ನಡದ ಆದಿಕವಿಯೂ ಇದನ್ನೇ ನಡೆಸಿ ತೋರಿಸಿದ್ದಾನೆ. ಅರಿಕೇಸರಿಯನ್ನು ಅರ್ಜುನನೊಡನೆ ಒಂದುಮಾಡಿ ಬರೆದ ಪಂಪನು ಅರ್ಜುನನ ವೈರಿಯಾದ ಕರ್ಣನಿಗೆ ಕೊಟ್ಟ ಗೌರವವು ಸಹೃದಯರಿಗೆ ತಿಳಿಯದ್ದಲ್ಲ.

ಇಲ್ಲಿ ಪೂರ್ವಪಕ್ಷವು ಏಳುವದು. ಆ ನಾಟಕದಲ್ಲಿ ಹೀನವಾದ ಮಾತು ಇದ್ದೇ ಇತ್ತಲ್ಲ, ಅದನ್ನು ಸಮರ್ಥಿಸುವದು ಹೇಗೆ? ಸಮರ್ಥಿಸಬೇಕಾಗಿಲ್ಲ. ನ್ಯಾಯಾಲಯವೂ ಆ ಮಾತನ್ನು ಬೇಜವಾಬ್ದಾರಿಯದೆಂದೇ ಹೇಳಿತು. ರಸಶಾಸ್ತ್ರದ ದೃಷ್ಟಿಯಿಂದ ಅದು ಅನೌಚಿತ್ಯ; ಮಗುವಿನ ಬಾಯಲ್ಲಿ ಆ ಮಾತನ್ನು ಇಟ್ಟದ್ದು ಪಾತ್ರದೋಷ. ಆದರೆ ದೋಷವು ಬೇರೆ, ಅಪರಾಧವು ಬೇರೆ. ಮಮ್ಮಟನು ಕಾವ್ಯಪ್ರಕಾಶದ ಏಳನೆಯ ಉಲ್ಲಾಸವನ್ನೆಲ್ಲ ಕಾವ್ಯದೋಷಗಳಿಗೆ ಮೀಸಲಿಟ್ಟು ದೊಡ್ಡ ದೊಡ್ಡ ಕವಿಗಳ ತಪ್ಪುಗಳನ್ನು ಎತ್ತಿ ತೋರಿಸಿದ್ದಾನೆ. ಒಬ್ಬನಿಗೂ ಸೆರೆಮನೆಯನ್ನು ವಿಧಿಸಿಲ್ಲ. ದೋಷಕ್ಕೆ ಶಿಕ್ಷೆಯು ಸಹೃದಯರ ಅರುಚಿ. ಅದನ್ನು ಹೇಳತಕ್ಕವನು ವಿಮರ್ಶಕನು, ಮಕ್ಕಳ ವಿಷಯದಲ್ಲಾದರೆ ಗುರುವು. ಫೌಜದಾರನಿಗೆ ಅಲ್ಲಿ ಕೆಲಸವಿಲ್ಲ.

ದ್ರೋಹವೆಂಬ ಶಬ್ದದಲ್ಲಿಯೂ ಇದೇ ವಿವೇಕವು ಅಡಗಿದೆ. ಧಾತುಪಾಠವು ದ್ರುಹ ಧಾತುವಿಗೆ ಹೇಳುವ ಅರ್ಥವು ಜಿಘಾಂಸೆ, ಅಂದರೆ ಕೊಲ್ಲುವ ಇಚ್ಛೆ. ಆ ಇಚ್ಛೆಯಿಲ್ಲದ ಮಾತು ಎಷ್ಟೇ ಕಟುವಾದರೂ ದ್ರೋಹವಾಗದು. ಇಂಗ್ಲಿಷರು 1870ರಲ್ಲಿ ದಂಡ ಸಂಹಿತೆಗೆ ಸೇರಿಸಿದ 124ಎ ಕಲಮು ಈ ಭೇದವನ್ನು ಅಳಿಸಿಹಾಕಿ ಸರಕಾರದ ವಿಷಯದ ಅಪ್ರೀತಿಯನ್ನೇ ಅಪರಾಧವಾಗಿಸಿತು. ಅದರ ಬಲೆಗೆ 1908ರಲ್ಲಿ ತಿಲಕರೂ 1922ರಲ್ಲಿ ಗಾಂಧೀಜಿಯವರೂ ಬಿದ್ದರು. ಸ್ವತಂತ್ರ ಭಾರತದ ಸರ್ವೋಚ್ಚ ನ್ಯಾಯಾಲಯವು 1962ರಲ್ಲಿ ಕೇದಾರನಾಥ ಸಿಂಗರ ಮೊಕದ್ದಮೆಯಲ್ಲಿ ಕಲಮನ್ನು ಉಳಿಸಿಕೊಂಡರೂ, ಹಿಂಸೆಗೆ ಇಲ್ಲವೆ ಸಾರ್ವಜನಿಕ ಅಶಾಂತಿಗೆ ಪ್ರೇರಿಸುವ ಮಾತಿಗೆ ಮಾತ್ರ ಅದು ತಗಲುವದೆಂದು ಮೇರೆ ಹಾಕಿತು. ವೈಯಾಕರಣನು ಧಾತುವಿನಲ್ಲಿ ಕಂಡ ಅರ್ಥದ ಹತ್ತಿರಕ್ಕೆ ನ್ಯಾಯಾಧೀಶನು ವಿಚಾರದಿಂದ ಬಂದನು. 2022ರ ಮೇ ತಿಂಗಳಲ್ಲಿ ಅದೇ ನ್ಯಾಯಾಲಯವು ಈ ಕಲಮಿನ ಬಳಕೆಯನ್ನು ತಡೆಹಿಡಿಯಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಹಳೆಯ ಹೆಸರು ಇಲ್ಲ. ದೇಶದ ಸಾರ್ವಭೌಮತ್ವ, ಏಕತೆಗಳಿಗೆ ಅಪಾಯವನ್ನು ತರುವ ಕೃತ್ಯಗಳೆಂದು 152ನೆಯ ಕಲಮು ಇದೆ. ರಾಜದ್ರೋಹವು ಹೋಗಿ ದೇಶದ್ರೋಹವು ಬಂದಿತೆಂದು ಜನರು ಹೇಳುವರು. ಸಮಾಸದ ಪೂರ್ವಪದವು ಬದಲಾಯಿತು; ಉತ್ತರಪದದ ಅರ್ಥವನ್ನು ಸಂಕೋಚವಾಗಿ ಹಿಡಿಯದಿದ್ದರೆ ರಾಜನನ್ನು ಬಯ್ದವನಿಗಿದ್ದ ಭಯವು ಮಂತ್ರಿಯನ್ನು ಬಯ್ದವನಿಗೂ ಉಳಿದೀತು. ಮಂತ್ರಿಮಂಡಲವು ದೇಶವಲ್ಲ. ಶಾಕುಂತಲದ ಐದನೆಯ ಅಂಕದಲ್ಲಿ ಶಾರ್ಙ್ಗರವನು ತುಂಬಿದ ಆಸ್ಥಾನದಲ್ಲಿ ದುಷ್ಯಂತನನ್ನು ಕಟುವಾಗಿ ನಿಂದಿಸುವನು. ಅರಸನು ಉತ್ತರ ಕೊಡುವನೇ ಹೊರತು ಭಟರನ್ನು ಕರೆಯುವದಿಲ್ಲ.

ಮತ್ತೊಂದು ಪೂರ್ವಪಕ್ಷವು ಇದಕ್ಕಿಂತ ಗಂಭೀರವಾದದ್ದು. ಹಬ್ಬದ ದಿನವು ಐಕ್ಯಕ್ಕೆ ಮೀಸಲು, ಆಕ್ಷೇಪಣೆಗಳಿಗೆ ಬೇರೆ ದಿನಗಳುಂಟು. ಎಳೆಯರ ಮನಸ್ಸಿಗೆ ರಾಜಕಾರಣದ ಸೋಂಕು ಬೇಡ ಎಂಬುದು ಅದು. 2023ರ ತೀರ್ಪಿನಲ್ಲಿಯೂ ಮಕ್ಕಳಿಂದ ರಾಜಕಾರಣದ ವಿಷಯಗಳನ್ನು ಆಡಿಸದೆ ಅವರ ವಿದ್ಯಾಭಿರುಚಿಯನ್ನು ಬೆಳೆಸುವ ನಾಟಕಗಳನ್ನು ಆಡಿಸುವದು ಮೇಲೆಂಬ ಹಿತವಚನವಿದೆ. ಈ ವಚನದಲ್ಲಿ ತಿರುಳಿಲ್ಲವೆನ್ನಲಾಗದು. ತನಗೆ ಅರ್ಥವಾಗದ ವಾದವನ್ನು ಮಗುವಿನ ಬಾಯಿಂದ ಹೇಳಿಸುವದು ಶಿಕ್ಷಣವಲ್ಲ. ಆದರೆ ಈ ನ್ಯಾಯವು ಎರಡು ಕಡೆಗೂ ಸಲ್ಲಬೇಕು. ಸರಕಾರವನ್ನು ಬಯ್ಯುವ ನಾಟಕವು ಎಳೆಯರಿಗೆ ಬೇಡವಾದರೆ, ನೆರೆಯವನನ್ನು ದ್ವೇಷಿಸಲು ಕಲಿಸುವ ಸಪ್ಟಂಬರದ ಭಾಷಣವೂ ಅವರಿಗೆ ಬೇಡ. ಒಂದನ್ನು ಮೊಕದ್ದಮೆಯಿಂದಲೂ ಇನ್ನೊಂದನ್ನು ಚಪ್ಪಾಳೆಯಿಂದಲೂ ಸ್ವಾಗತಿಸಿದರೆ ಅಲ್ಲಿ ಮಕ್ಕಳ ಹಿತಚಿಂತನೆಯು ನೆವಮಾತ್ರವೆಂದಾಗುವದು.

ಐಕ್ಯದ ವಾದಕ್ಕೆ ಉತ್ತರವನ್ನು ಹಾಡಿನ ದೃಷ್ಟಾಂತದಿಂದ ಹೇಳಬಹುದು. 1938ರಲ್ಲಿ ಉಸ್ಮಾನಿಯಾದ ಹುಡುಗರು ಹಾಡಬಾರದೆಂದಾಗ ಹಾಡಿ ಹೊರಬಿದ್ದರು. 1985ರಲ್ಲಿ ಕೇರಳದ ಒಂದು ಶಾಲೆಯ ಮೂವರು ಮಕ್ಕಳು ರಾಷ್ಟ್ರಗೀತೆಯ ಸಮಯದಲ್ಲಿ ಗೌರವದಿಂದ ಎದ್ದು ನಿಂತರೂ ತಮ್ಮ ಮತದ ನಂಬಿಕೆಯ ದೆಸೆಯಿಂದ ಹಾಡಲಿಲ್ಲವೆಂದು ಹೊರಬಿದ್ದರು. ಸರ್ವೋಚ್ಚ ನ್ಯಾಯಾಲಯವು 1986ರಲ್ಲಿ ಬಿಜೋ ಇಮ್ಯಾನುಯೆಲರ ಮೊಕದ್ದಮೆಯಲ್ಲಿ ಅವರನ್ನು ಶಾಲೆಗೆ ಮರಳಿ ಸೇರಿಸಬೇಕೆಂದು ವಿಧಿಸಿತು. ಹಾಡುವವನ ಸ್ವಾತಂತ್ರ್ಯವೂ ಸುಮ್ಮನೆ ನಿಲ್ಲುವವನ ಸ್ವಾತಂತ್ರ್ಯವೂ ಒಂದೇ ಬೇರಿನ ಎರಡು ಕೊಂಬೆಗಳು. ಮೊದಲಿನವರನ್ನು ವೀರರೆಂದು ಹೊಗಳಿ ಎರಡನೆಯವರನ್ನು ಶಂಕಿಸುವ ಭಾಷಣಕಾರನು ಹಾಡನ್ನು ಮೆಚ್ಚಿದವನು, ಸ್ವಾತಂತ್ರ್ಯವನ್ನು ಮೆಚ್ಚಿದವನಲ್ಲ. ಧ್ವಜದ ವಿಷಯದಲ್ಲಿಯೂ ಹೀಗೆಯೇ. 1947ರಲ್ಲಿ ಈ ಸೀಮೆಯಲ್ಲಿ ಅದನ್ನು ಹಾರಿಸಿದವನು ಅಪರಾಧಿಯಾಗಿದ್ದನು. ಪ್ರಜೆಯು ತನ್ನ ಮನೆಯ ಮೇಲೆ ಗೌರವದಿಂದ ಅದನ್ನು ಹಾರಿಸುವದು ಅವನ ಮಾತಿನ ಹಕ್ಕಿನ ಭಾಗವೆಂದು 2004ರಲ್ಲಿ ಸರ್ವೋಚ್ಚ ನ್ಯಾಯಾಲಯವು ನಿರ್ಣಯಿಸಿತು. ಧ್ವಜವನ್ನು ಏರಿಸುವದೂ ಆಕ್ಷೇಪಿಸಿ ಮಾತಾಡುವದೂ ಸಂವಿಧಾನದ ಒಂದೇ ವಾಕ್ಯದಿಂದ ಬಂದ ಹಕ್ಕುಗಳು. ಆ ವಾಕ್ಯಕ್ಕೆ ಯುಕ್ತವಾದ ಮೇರೆಗಳೂ ಉಂಟು. ಆದರೆ ಮೇರೆಯನ್ನು ಹಾಕತಕ್ಕದ್ದು ಕಾಯದೆ ಮತ್ತು ನ್ಯಾಯಾಲಯ. ಸಭಿಕರ ಕೋಪವು ಮೇರೆಯಾಗಲಾರದು.

ಹಾಗಾದರೆ ಉತ್ತಮವಾದ ಭಾಷಣದ ಲಕ್ಷಣವೇನು? ಅದರಲ್ಲಿ ವಿಮೋಚನೆಯ ಅಪಾದಾನವು ಸ್ಪಷ್ಟವಾಗಿರಬೇಕು: ಯಾವ ಕಟ್ಟುಗಳು ಹರಿದುವೆಂಬುದನ್ನು ಹೆಸರಿಸಿ ಹೇಳಬೇಕು. ಧರ್ಮವೀರ, ದಯಾವೀರರಿಗೆ ಯುದ್ಧವೀರನಷ್ಟೇ ಸ್ಥಳವಿರಬೇಕು. ಪಟ್ಟದ್ದೇವರ ಫಲಕವೂ ಶೋಯೆಬುಲ್ಲಾ ಖಾನರ ಲೇಖನಿಯೂ ಅಲ್ಲಿ ಬರಬೇಕು. ಗೋರಟಾದವರಿಗೂ ಸಪ್ಟಂಬರದ ಬಳಿಕ ಸತ್ತವರಿಗೂ ಒಂದೇ ಮೌನದಲ್ಲಿ ತರ್ಪಣವಾಗಬೇಕು. ಕೊನೆಯಲ್ಲಿ, ಅಂದು ಹರಿದ ಕಟ್ಟುಗಳಲ್ಲಿ ಯಾವುದಾದರೂ ಬೇರೆ ಹೆಸರಿನಿಂದ ತಿರುಗಿ ಬರುತ್ತಿದೆಯೇ ಎಂಬ ಪ್ರಶ್ನೆಯೊಂದು ಇರಬೇಕು. ಈ ಪ್ರಶ್ನೆಯಿಂದ ಉತ್ಸವಕ್ಕೆ ಭಂಗ ಬರುವದಿಲ್ಲ. ಹೊಲದ ಬದುವನ್ನು ವರುಷಕ್ಕೊಮ್ಮೆ ಸುತ್ತಿ ನೋಡುವ ಒಕ್ಕಲಿಗನು ಹೊಲವನ್ನು ದ್ವೇಷಿಸುವನೆಂದು ಯಾರೂ ಹೇಳರು.

ಇಂಥ ಭಾಷಣಕ್ಕೆ ಹೊರಗಿನ ಮಾದರಿಯನ್ನು ಹುಡುಕಬೇಕಾಗಿಲ್ಲ. ಪರರ ವಿಚಾರವನ್ನೂ ಪರರ ಧರ್ಮವನ್ನೂ ಸಹಿಸುವ ಶಕ್ತಿಯನ್ನೇ ನಿಜವಾದ ಸಂಪತ್ತೆಂದು ಎಣಿಸಿದ ಕವಿರಾಜಮಾರ್ಗವು ಒಂಬತ್ತನೆಯ ಶತಮಾನದಲ್ಲಿ ಹುಟ್ಟಿದ್ದು ಇದೇ ಸೀಮೆಯ ಮಾನ್ಯಖೇಟದ ಅರಸರ ಆಶ್ರಯದಲ್ಲಿ. ಎಲ್ಲ ಕಸುಬಿನವರೂ ಕುಳಿತು ಪ್ರಶ್ನೆ ಕೇಳಿದ ಅನುಭವ ಮಂಟಪದ ನೆನಪು ಬೀದರ ಜಿಲ್ಲೆಯ ಕಲ್ಯಾಣದ್ದೇ. ಬರುವ ಸಪ್ಟಂಬರಕ್ಕೆ ಮಕ್ಕಳಿಗೆ ನಾಲ್ಕು ಮಾತು ಬರೆದುಕೊಡಲು ಕುಳಿತ ಬೀದರ, ಭಾಲ್ಕಿ, ಔರಾದಗಳ ಮಾಸ್ತರರು ಹಳೆಯ ಕಾಗದವನ್ನೇ ನಕಲು ಮಾಡದೆ, ಹುಡುಗನಿಗೆ ಅರ್ಥವಾಗುವ ಒಂದು ನಿಜವಾದ ಸಂಗತಿಯನ್ನು ಅದರಲ್ಲಿ ಸೇರಿಸಿದರೂ ಸಾಕು. ಅದನ್ನು ಬಾಯಿಪಾಠ ಮಾಡಿದ ಮಗುವು ಮನೆಗೆ ಹೋಗಿ ತನ್ನ ಅಜ್ಜನನ್ನು ಇನ್ನೊಂದು ಪ್ರಶ್ನೆ ಕೇಳಿದರೆ ಆ ಭಾಷಣವು ಸಫಲವಾಯಿತೆಂದು ತಿಳಿಯತಕ್ಕದ್ದು.